ತಂಬಿಗೆ, ಕಂಬಳಿ, ಕೆಂಪು ಮೆಣಸಿನಕಾಯಿ: ಧಾರವಾಡ ಸೀಮೆಯಲ್ಲಿ ವಸ್ತುಚಿತ್ರದ ಹಾದಿ

ತಂಬಿಗೆ, ಹಣ್ಣು, ಬುಟ್ಟಿ, ಬಟ್ಟೆಯಂಥ ಅಲುಗಾಡದ ವಸ್ತುಗಳನ್ನು ಎದುರಿಗಿಟ್ಟುಕೊಂಡು ಬರೆಯುವ ಚಿತ್ರಕ್ಕೆ ಕನ್ನಡದ ಕಲಾಶಾಲೆಗಳಲ್ಲಿ ವಸ್ತುಚಿತ್ರ ಎನ್ನುತ್ತಾರೆ. ಸ್ಥಿರಚಿತ್ರ ಎಂಬ ಹೆಸರೂ ಬಳಕೆಯಲ್ಲಿದೆ. ವಿದ್ಯಾರ್ಥಿಗಳ ಆಡುಮಾತಿನಲ್ಲಿ ಅದು ಸ್ಟಿಲ್ ಲೈಫ್. ಡಚ್ಚರು ಇದನ್ನು ‘ಸ್ಟಿಲ್‌ಲೇವನ್’ ಅಂದರು, ಕದಲದೆ ನಿಂತ ಬದುಕು ಎಂದು ಅದರ ಅರ್ಥ. ಫ್ರೆಂಚರು ‘ನಾತ್ಯೂರ್ ಮೋರ್ತ್’ ಅಂದರು, ಅಂದರೆ ಸತ್ತ ನಿಸರ್ಗ. ಸತ್ತದ್ದು ಎಂದು ಹೆಸರಿಟ್ಟ ಅದೇ ಫ್ರಾನ್ಸಿನಲ್ಲಿ ಈ ಬಗೆಯ ಚಿತ್ರಕ್ಕೆ ಅತ್ಯಂತ ಜೀವಂತವಾದ ಬಣ್ಣ ಬಂತು. ಇಂದಿನ ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಬ್ಯಾಡಗಿ, ಮೇಡ್ಲೇರಿಗಳಿರುವ ಸೀಮೆಗೆ ವಸ್ತುಚಿತ್ರ ತಲುಪಿದ್ದು ಮಾತ್ರ ಬೇರೆ ದಾರಿಯಿಂದ. ಅದು ಮುಂಬಯಿಯಿಂದ, ಶಾಲೆಯ ಡ್ರಾಯಿಂಗ್ ಪರೀಕ್ಷೆಯ ರೂಪದಲ್ಲಿ ಬಂತು.

ಆದರೆ ಕನ್ನಡ ನಾಡಿನಲ್ಲಿ ವಸ್ತುವನ್ನು ವಸ್ತುವಾಗಿಯೇ ನೋಡಿ ಬರೆದದ್ದು ಇಂಗ್ಲಿಷರ ಶಾಲೆಗಿಂತ ಎರಡು ಶತಮಾನ ಹಿಂದಿನ ಮಾತು. ವಿಜಯಪುರದ ಜಾಮಿಯಾ ಮಸೀದಿಯಲ್ಲಿ ಪ್ರಾರ್ಥನೆಯ ದಿಕ್ಕು ತೋರಿಸುವ ಗೋಡೆಗೂಡಾದ ಮಿಹ್ರಾಬನ್ನು 1636ರಲ್ಲಿ ಮುಹಮ್ಮದ್ ಆದಿಲ್ ಶಾಹನ ಅಪ್ಪಣೆಯಂತೆ ಮಲಿಕ್ ಯಾಕೂಬ್ ಬಣ್ಣ ಮತ್ತು ಬಂಗಾರದಿಂದ ಅಲಂಕರಿಸಿದ. ಅಲ್ಲಿ ಮನುಷ್ಯರೂ ಇಲ್ಲ, ಪ್ರಾಣಿಗಳೂ ಇಲ್ಲ. ಗೋಡೆಯಲ್ಲಿ ಗೂಡುಗಳಿರುವಂತೆ ಬರೆದು, ಆ ಗೂಡುಗಳೊಳಗೆ ಪುಸ್ತಕ ಜೋಡಿಸಿಟ್ಟಂತೆ, ಹೂವಿನ ಹೂಜಿ ನಿಲ್ಲಿಸಿದಂತೆ, ಸರಪಳಿಯಲ್ಲಿ ಧೂಪದ ಪಾತ್ರೆ ತೂಗಿಬಿಟ್ಟಂತೆ ಚಿತ್ರಿಸಲಾಗಿದೆ. ಧರ್ಮದ ಕಟ್ಟಳೆ ಜೀವಿಗಳನ್ನು ಬರೆಯಗೊಡದ ಕಡೆ ಕಲಾವಿದನ ಕಣ್ಣು ಪೂರ್ತಿಯಾಗಿ ಸಾಮಾನುಗಳ ಮೇಲೆ ನಿಂತಿದೆ. ಅದೇ ಊರಿನ ಆಸಾರ್ ಮಹಲಿನ ಮಾಳಿಗೆಯ ಕೋಣೆಗಳಲ್ಲೂ ಹೂದಾನಿಗಳ ಭಿತ್ತಿಚಿತ್ರಗಳಿವೆ.

ಇದಕ್ಕೆ ಸ್ವಲ್ಪ ಮೊದಲು, ಇಮ್ಮಡಿ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, ಕಾರ್ನೆಲಿಸ್ ಕ್ಲಾಸ್ ಹೆಡಾ ಎಂಬ ಡಚ್ ಚಿತ್ರಕಾರ ಗೋವೆಯ ಮೂಲಕ ವಿಜಯಪುರಕ್ಕೆ ಬಂದು, 1610ರಿಂದ 1622ರಲ್ಲಿ ಸಾಯುವವರೆಗೂ ಆಸ್ಥಾನದಲ್ಲೇ ಉಳಿದ. ಅವನ ಊರು ಹಾಲೆಂಡಿನ ಹಾರ್ಲೆಮ್. ಅದೇ ಊರಿನ, ಅದೇ ಹೆಡಾ ಎಂಬ ಹೆಸರಿನ ವಿಲೆಮ್ ಕ್ಲಾಸ್ ಹೆಡಾ ಮುಂದೆ ಬೆಳ್ಳಿ ಬಟ್ಟಲು, ಸುಲಿದ ನಿಂಬೆಹಣ್ಣುಗಳ ವಸ್ತುಚಿತ್ರದಲ್ಲಿ ಯುರೋಪಿಗೇ ಹೆಸರಾದ. ಕಾರ್ನೆಲಿಸನ ಕುಂಚದ್ದು ಎಂದು ಗುರುತಿಸಬಹುದಾದ ಒಂದು ಚಿತ್ರವೂ ಇಂದು ವಿಜಯಪುರದಲ್ಲಿ ಇಲ್ಲ. ಆದಿಲ್ ಶಾಹಿ ಅಳಿದಾಗ ಈ ಎಳೆ ಕಡಿದುಹೋಯಿತು. ಹಳ್ಳಿಯ ಮನೆಗೋಡೆಯ ಮೇಲೆ ಸುಣ್ಣ–ಕೆಮ್ಮಣ್ಣಿನ ಚಿತ್ತಾರ, ಗುಡಿಯ ಮಾಳಿಗೆಯ ಪುರಾಣಚಿತ್ರ ಮುಂದುವರಿದವು. ಆದರೆ ಒಂದು ತಂಬಿಗೆಯನ್ನು, ಅದು ತಂಬಿಗೆ ಎಂಬ ಕಾರಣಕ್ಕಾಗಿಯೇ, ಕೂತು ಬರೆಯುವ ರೂಢಿ ಉಳಿಯಲಿಲ್ಲ.

ಯುರೋಪಿನಲ್ಲೂ ಈ ಚಿತ್ರಕ್ಕೆ ಮರ್ಯಾದೆ ಸುಲಭವಾಗಿ ಸಿಗಲಿಲ್ಲ. 1667ರಲ್ಲಿ ಪ್ಯಾರಿಸ್ಸಿನ ರಾಜ ಅಕಾಡೆಮಿಯ ಪರವಾಗಿ ಆಂದ್ರೆ ಫೆಲಿಬಿಯಾಂ ಚಿತ್ರಗಳ ಮೇಲುಕೀಳುಗಳನ್ನು ಪಟ್ಟಿ ಮಾಡಿದಾಗ, ಪುರಾಣ–ಇತಿಹಾಸದ ಚಿತ್ರಗಳಿಗೆ ಮೇಲಿನ ಪಂಕ್ತಿ, ಹಣ್ಣು–ಹೂವು–ಚಿಪ್ಪುಗಳ ಚಿತ್ರಕ್ಕೆ ಕಟ್ಟಕಡೆಯ ಪಂಕ್ತಿ ಸಿಕ್ಕಿತು. 1728ರಲ್ಲಿ ಆ ಅಕಾಡೆಮಿ ಸೇರಿದ ಶಾರ್ದಾಂ ಅಡುಗೆಮನೆಯ ತಾಮ್ರದ ಪಾತ್ರೆ, ಈರುಳ್ಳಿ, ನೀರಿನ ಹೂಜಿಗಳನ್ನೇ ಬರೆದು ಆ ಪಂಕ್ತಿಭೇದವನ್ನು ಒಳಗಿನಿಂದಲೇ ಸಡಿಲಿಸಿದ. ನೂರೈವತ್ತು ವರ್ಷಗಳ ಮೇಲೆ ಸೆಜಾನ್ ಸೇಬುಹಣ್ಣನ್ನು ಹಿಡಿದು, ಬಣ್ಣದಿಂದಲೇ ಗುಂಡಗಿನ ಆಕಾರ ಕಟ್ಟುವ ಕೆಲಸಕ್ಕೆ ಜೀವನವನ್ನೇ ತೆತ್ತ. 1905ರ ಪ್ಯಾರಿಸ್ ಪ್ರದರ್ಶನದಲ್ಲಿ ಆಂರಿ ಮಾತೀಸ್ ಮತ್ತು ಅವನ ಗೆಳೆಯರ ಚಿತ್ರಗಳ ಬಣ್ಣ ನೋಡಿದ ವಿಮರ್ಶಕನೊಬ್ಬ ಅವರನ್ನು ಕಾಡುಮೃಗಗಳೆಂದು ಕರೆದ. ಫೋವಿಸಂ ಎಂಬ ಹೆಸರು ಹುಟ್ಟಿದ್ದು ಆ ಬೈಗುಳದಿಂದ. ಮೂರು ವರ್ಷಗಳ ನಂತರ ಮಾತೀಸ್ ಊಟದ ಮೇಜಿನ ಚಿತ್ರವೊಂದರಲ್ಲಿ ಮೇಜಿನ ಬಟ್ಟೆಗೂ ಹಿಂದಿನ ಗೋಡೆಗೂ ಒಂದೇ ಕೆಂಪನ್ನು ಬಳಿದ. ಮೇಜು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎನ್ನುವುದು ಮುಖ್ಯವಾಗಲಿಲ್ಲ, ಕೆಂಪು ಮುಖ್ಯವಾಯಿತು. ಇಂದಿಗೂ ಫ್ರೆಂಚ್ ಚಿತ್ರಕಾರರು ಹೂದಾನಿ, ಹಣ್ಣಿನ ಬಟ್ಟಲುಗಳನ್ನು ಉರಿಯುವ ಬಣ್ಣದಲ್ಲಿ ಬರೆಯುತ್ತಿದ್ದರೆ ಅದರ ಬೇರು ಇಲ್ಲಿದೆ.

ಮುಂಬಯಿಗೆ ಬಂದ ವಸ್ತುಚಿತ್ರ ಈ ಬಣ್ಣದ ವಂಶದ್ದಲ್ಲ. ಜಮ್ಸೆಟ್‌ಜೀ ಜೀಜೀಭಾಯಿ ಕೊಟ್ಟ ಒಂದು ಲಕ್ಷ ರೂಪಾಯಿಯ ದಾನದಿಂದ 1857ರಲ್ಲಿ ಅಲ್ಲಿ ಜೆ.ಜೆ. ಕಲಾಶಾಲೆ ಶುರುವಾಯಿತು. ಅದರ ಮೊದಲ ಗುರಿ ಕುಶಲಕರ್ಮಿಗಳ ಕೈಗೆ ನಿಖರವಾದ ರೇಖೆ ಕಲಿಸುವುದು. ಇಂಗ್ಲೆಂಡಿನ ಸೌತ್ ಕೆನ್ಸಿಂಗ್ಟನ್ ಪದ್ಧತಿಯಂತೆ ಮೊದಲು ಗೆರೆ, ಆಮೇಲೆ ಘನಾಕೃತಿ, ಆಮೇಲೆ ನೆರಳು–ಬೆಳಕು, ಕೊನೆಗೆ ಬಣ್ಣ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಮುಂಬಯಿ ಸರ್ಕಾರ ಇಡೀ ಪ್ರಾಂತಕ್ಕೆ ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳನ್ನು ನಡೆಸತೊಡಗಿತು. ಮುಂದೆ ಅವು ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಹೆಸರಿನಲ್ಲಿ ನೆಲೆನಿಂತವು. 1818ರಿಂದ ಇಂಗ್ಲಿಷರ ಕೈಕೆಳಗಿದ್ದ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಲ್ಲವೂ ಆಗ ಆ ಜಿಲ್ಲೆಯ ಊರುಗಳು. ಹೀಗಾಗಿ ಈ ಭಾಗದ ಹೈಸ್ಕೂಲು ಹುಡುಗನ ಡ್ರಾಯಿಂಗ್ ಕಾಗದಕ್ಕೆ ಅಂಕ ಬೀಳುತ್ತಿದ್ದದ್ದು ಮುಂಬಯಿಯ ಅಳತೆಗೋಲಿನಿಂದ. ಮೈಸೂರು ಸೀಮೆಯ ಹುಡುಗರಿಗೆ 1913ರಲ್ಲಿ ಶುರುವಾದ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇತ್ತು, ಅರಮನೆಯ ಆಸರೆಯೂ ಇತ್ತು. ಧಾರವಾಡ ಸೀಮೆಯಲ್ಲಿ ಅರಮನೆ ಇರಲಿಲ್ಲ, ಪರೀಕ್ಷೆ ಇತ್ತು.

ಆ ಪರೀಕ್ಷೆಯ ಕೋಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಡುವೆ ಒಂದು ಸ್ಟೂಲು ಅಥವಾ ಮೇಜು. ಅದರ ಮೇಲೆ ಮಡಿಕೆ ಬೀಳುವಂತೆ ಹರಡಿದ ಬಟ್ಟೆ. ಬಟ್ಟೆಯ ಮೇಲೆ ಒಂದು ಹಿತ್ತಾಳೆ ತಂಬಿಗೆ ಅಥವಾ ಮಣ್ಣಿನ ಗಡಿಗೆ, ಅದರ ಬುಡದಲ್ಲಿ ಒಂದೆರಡು ಬದನೆಕಾಯಿಯೋ ಟೊಮೆಟೊ ಹಣ್ಣೋ. ಸುತ್ತಲೂ ಅರ್ಧಚಂದ್ರಾಕಾರದಲ್ಲಿ ಹುಡುಗರು. ಪ್ರತಿಯೊಬ್ಬನಿಗೂ ತಂಬಿಗೆ ಬೇರೆ ಮಗ್ಗುಲಿನಿಂದ ಕಾಣುತ್ತದೆ, ಆದ್ದರಿಂದ ಪಕ್ಕದವನ ಕಾಗದ ನೋಡಿ ನಕಲು ಮಾಡಿ ಪ್ರಯೋಜನವಿಲ್ಲ. ಮೊದಲಿನ ಕಷ್ಟ ತಂಬಿಗೆಯ ಬಾಯಿ. ಅದು ದುಂಡಗಿದೆ ಎಂದು ಮನಸ್ಸಿಗೆ ಗೊತ್ತು, ಆದರೆ ಕೂತಲ್ಲಿಂದ ಕಣ್ಣಿಗೆ ಕಾಣುವುದು ಚಪ್ಪಟೆಯಾದ ಅಂಡಾಕಾರ. ಗೊತ್ತಿರುವುದನ್ನು ಬಿಟ್ಟು ಕಂಡದ್ದನ್ನು ಬರೆಯುವುದೇ ಇಡೀ ಪರೀಕ್ಷೆಯ ತಿರುಳು. ಎರಡನೆಯದು ಹೊಳಪು. ಜಲವರ್ಣದಲ್ಲಿ ಬಿಳಿ ಬಣ್ಣ ಹಚ್ಚಿ ಹೊಳಪು ತರುವಂತಿಲ್ಲ. ಕಾಗದದ ಬಿಳುಪನ್ನು ಮೊದಲಿನಿಂದಲೇ ಕಾಯ್ದು, ತಿಳಿಬಣ್ಣದಿಂದ ದಟ್ಟ ಬಣ್ಣಕ್ಕೆ ಇಳಿಯಬೇಕು. ಒಮ್ಮೆ ಕುಂಚ ತಪ್ಪಿ ಅಲ್ಲಿಗೆ ಹರಿಯಿತೋ, ಆ ಹಿತ್ತಾಳೆಯ ಮಿಂಚು ಹೋದಂತೆಯೇ. ನೆರಳಿಗೆ ಕಪ್ಪು ಬಳಿಯಬಾರದು ಎನ್ನುವುದು ಡ್ರಾಯಿಂಗ್ ಮಾಸ್ತರರ ಹಳೆಯ ಪಾಠ. ನೀಲಿ ಮತ್ತು ಕಂದು ಬೆರೆಸಿದ ನೆರಳು ಉಸಿರಾಡುತ್ತದೆ, ಬರೀ ಕಪ್ಪು ಕಾಗದದಲ್ಲಿ ತೂತು ಬಿದ್ದಂತೆ ಕಾಣುತ್ತದೆ.

ಈ ವಿದ್ಯೆಯನ್ನು ಧಾರವಾಡ ಸೀಮೆಯಲ್ಲಿ ಬೇರೂರಿಸಿದವರು ಮುಂಬಯಿಗೆ ಹೋಗಿ ಕಲಿತು ಹಿಂದಿರುಗಿದ ಕೆಲವರು. ಅವರಲ್ಲಿ ಮೊದಲು ನೆನೆಯಬೇಕಾದ ಹೆಸರು ಡಿ.ವಿ. ಹಾಲಭಾವಿ ಅವರದು. ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಅವರು 1935ರಲ್ಲಿ ಧಾರವಾಡದಲ್ಲಿ ಹಾಲಭಾವಿ ಸ್ಕೂಲ್ ಆಫ್ ಆರ್ಟ್ ಆರಂಭಿಸಿದರು. ಗದಗಿನಲ್ಲಿ ಟಿ.ಪಿ. ಅಕ್ಕಿ ವಿಜಯ ಕಲಾ ಮಂದಿರ ಕಟ್ಟಿದರು. ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿ ಶಿಷ್ಯರನ್ನು ಬೆಳೆಸಿದರು. ಇವರ ಶಾಲೆಗಳಿಗೆ ದೊಡ್ಡ ಕಟ್ಟಡ, ದೊಡ್ಡ ಅನುದಾನ ಯಾವುದೂ ಇರಲಿಲ್ಲ. ರೈತರ, ನೇಕಾರರ, ಕುರುಬರ, ಬಡಿಗೇರರ ಮಕ್ಕಳು ಹಳ್ಳಿಗಳಿಂದ ಬಂದು ಕಲಿತು, ಪರೀಕ್ಷೆ ಪಾಸಾಗಿ, ಡ್ರಾಯಿಂಗ್ ಮಾಸ್ತರರಾಗಿ ಹಳ್ಳಿ–ಪಟ್ಟಣಗಳ ಹೈಸ್ಕೂಲುಗಳಿಗೆ ಮರಳಿದರು. ಕರ್ನಾಟಕದ ಕಲಾ ಇತಿಹಾಸ ಬರೆಯುವವರು ದೊಡ್ಡ ಚಿತ್ರಕಾರರ ಹೆಸರುಗಳನ್ನು ಪಟ್ಟಿ ಮಾಡುತ್ತಾರೆ. ಈ ಮಾಸ್ತರರ ಸಾಲು ಆ ಪಟ್ಟಿಯಲ್ಲಿ ಬಹುಮಟ್ಟಿಗೆ ಬಿಟ್ಟುಹೋಗಿದೆ. ಅದು ಅನ್ಯಾಯ. ಉತ್ತರ ಕರ್ನಾಟಕದ ಹಳ್ಳಿಯ ಮಗುವಿಗೆ ಕಲೆಯ ಬಾಗಿಲು ತೆರೆದದ್ದು ಗ್ಯಾಲರಿಯಿಂದ ಅಲ್ಲ, ವಾರಕ್ಕೆ ಎರಡು ಡ್ರಾಯಿಂಗ್ ಪಿರಿಯಡ್‌ಗಳಿಂದ.

ಮಾಸ್ತರರ ಸಂಬಳ ಸಾಲದಿದ್ದಾಗ ಕೈಯಲ್ಲಿದ್ದ ವಿದ್ಯೆ ಬೇರೆ ಕೆಲಸಕ್ಕೂ ಬಂತು: ಅಂಗಡಿಯ ಬೋರ್ಡು, ನಾಟಕ ಕಂಪನಿಯ ಪರದೆ, ಮನೆಯ ಹಿರಿಯರ ಭಾವಚಿತ್ರ, ದೇವರ ಪಟ. ಬಣ್ಣದ ಹಸಿವು ಜನರಿಗೆ ಇದ್ದೇ ಇತ್ತು. 1894ರಲ್ಲಿ ಶುರುವಾದ ರವಿವರ್ಮನ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿ ಪಟಗಳು ಮನೆಮನೆಗೂ ತಲುಪಿದ್ದವು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬಯಿಯಲ್ಲಿ ಸಿನಿಮಾ ಪೋಸ್ಟರು, ಪೌರಾಣಿಕ ಕ್ಯಾಲೆಂಡರುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅವರ ದೇವತೆಗಳ ಒಡವೆ, ಹಣ್ಣಿನ ತಟ್ಟೆ, ರೇಷ್ಮೆಯ ಮಡಿಕೆಗಳನ್ನು ಗಮನಿಸಿದರೆ ವಸ್ತುಚಿತ್ರದ ತಾಲೀಮು ಎಲ್ಲಿ ಹೋಗಿ ಸೇರಿತು ಎಂಬುದು ತಿಳಿಯುತ್ತದೆ.

ಪ್ಯಾರಿಸ್ಸಿನ ಬಣ್ಣ ಕನ್ನಡಿಗರಿಗೆ ನೇರವಾಗಿ ಮುಟ್ಟಿದ್ದು ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಮೂಲಕ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಹೆಬ್ಬಾರರು 1938ರಲ್ಲಿ ಜೆ.ಜೆ. ಶಾಲೆಯ ಡಿಪ್ಲೊಮಾ ಪಡೆದು, ಅಲ್ಲಿಯೇ ಕೆಲವು ವರ್ಷ ಪಾಠ ಹೇಳಿ, 1949–50ರಲ್ಲಿ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯಾಂನಲ್ಲಿ ಅಭ್ಯಾಸ ಮಾಡಿದರು. 1891ರಲ್ಲಿ ಮಾತೀಸ್ ಕೂಡ ಸೇರಿದ್ದು ಅದೇ ಶಾಲೆಗೆ. ಅಲ್ಲಿಂದ ಮರಳಿದ ಹೆಬ್ಬಾರರ ಕ್ಯಾನ್ವಾಸಿನಲ್ಲಿ ಬಣ್ಣ ದಪ್ಪವಾಯಿತು, ಧೈರ್ಯಶಾಲಿಯಾಯಿತು. ಆದರೆ ಬರೆದದ್ದು ಫ್ರೆಂಚ್ ಹೂದಾನಿಯನ್ನಲ್ಲ. ತುಳುನಾಡಿನ ಕೋಳಿ ಅಂಕ, ಜಾತ್ರೆ, ದುಡಿಯುವ ಜನ ಅವರ ವಸ್ತುಗಳಾದರು. ಇತ್ತ ಬೆಂಗಳೂರಿನಲ್ಲಿ, ದೊಡ್ಡಬಳ್ಳಾಪುರ ಸೀಮೆಯ ಸ್ವಾತಂತ್ರ್ಯ ಹೋರಾಟಗಾರ ರುಮಾಲೆ ಚನ್ನಬಸವಯ್ಯ ವಿದೇಶದ ಶಾಲೆಯ ಹಂಗಿಲ್ಲದೆಯೇ ಹೂಬಿಟ್ಟ ಮರಗಳನ್ನು ಉಜ್ವಲ ವರ್ಣಗಳಲ್ಲಿ ಬರೆದರು. ಬಣ್ಣ ಅನ್ಯದೇಶದ ಸ್ವತ್ತಲ್ಲ, ನೋಡುವ ಧೈರ್ಯ ಬೇಕು ಎಂಬುದಕ್ಕೆ ಇಬ್ಬರೂ ಸಾಕ್ಷಿ.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಡ್ರಾಯಿಂಗ್ ಪರೀಕ್ಷೆಯೂ ಮುಂಬಯಿಯ ಕೈ ಬಿಟ್ಟಿತು. ಮಹಾರಾಷ್ಟ್ರದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಹೆಸರುಗಳೇ ಉಳಿದವು. ಕರ್ನಾಟಕದಲ್ಲಿ ಅವು ಲೋಯರ್, ಹೈಯರ್ ಆದವು. ವಸ್ತುಚಿತ್ರ ಮಾತ್ರ ಎರಡೂ ಕಡೆ ಪತ್ರಿಕೆಯಾಗಿ ಉಳಿಯಿತು. 1964ರಲ್ಲಿ ದಾವಣಗೆರೆಯಲ್ಲಿ ಸರ್ಕಾರಿ ಕಲಾಶಾಲೆ ಶುರುವಾದ ಮೇಲೆ, ರಾಣೆಬೆನ್ನೂರು ಕಡೆಯ ಹುಡುಗರಿಗೆ ತುಂಗಭದ್ರೆ ದಾಟಿದರೆ ಕಲಾಶಾಲೆ ಎನ್ನುವಂತಾಯಿತು. ಈಗ ಅದು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. 1997ರ ಆಗಸ್ಟ್‌ನಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಬಣ್ಣದ ಪೆಟ್ಟಿಗೆಯ ಕತೆಯೂ ಈ ನಡುವೆ ಬದಲಾಯಿತು. ಮೊದಲು ಇಂಗ್ಲೆಂಡಿನಿಂದ ಬರುತ್ತಿದ್ದ ಬಣ್ಣ ದುಬಾರಿ. 1931ರಲ್ಲಿ ಮಸಿ ತಯಾರಿಕೆಯಿಂದ ಶುರುವಾದ ಮುಂಬಯಿಯ ಕ್ಯಾಮ್ಲಿನ್ ಮುಂದೆ ಚಿತ್ರದ ಬಣ್ಣಗಳನ್ನೂ ಮಾಡತೊಡಗಿದ ಮೇಲೆ ಹಳ್ಳಿಯ ಶಾಲೆಯ ಹುಡುಗಿಯ ಕೈಗೂ ಒಂದು ಬಣ್ಣದ ಡಬ್ಬಿ ಬಂತು.

ಇಷ್ಟೆಲ್ಲ ಆದರೂ ಪರೀಕ್ಷೆಯ ಮೇಜಿನ ಮೇಲೆ ಕೂತ ವಸ್ತುಗಳು ಎಲ್ಲ ಊರುಗಳಲ್ಲೂ ಹೆಚ್ಚುಕಡಿಮೆ ಒಂದೇ. ಇದು ಈ ಪದ್ಧತಿಯ ದೊಡ್ಡ ಕೊರತೆ. ಹಾವೇರಿ ಜಿಲ್ಲೆಯ ಮಟ್ಟಿಗೆ ಆ ಕೊರತೆ ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಇಲ್ಲಿ ಬಣ್ಣವೇ ಪೇಟೆಯ ಸರಕು. ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಲ್ಲುವುದು ಖಾರದ ಮೇಲಲ್ಲ, ಕೆಂಪಿನ ಮೇಲೆ. ಅದರಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ತಳಿ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು. ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ ಇದರಲ್ಲಿ ಹೇರಳ. ಅದನ್ನು ತೆಗೆದು ಮಾಡಿದ ಓಲಿಯೋರೆಸಿನ್ ತಿನಿಸುಗಳ ಬಣ್ಣಕ್ಕೂ ತುಟಿಬಣ್ಣಕ್ಕೂ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಹೋದರೆ ಒಂದು ಕೆಂಪು ಕಾಣುವುದಿಲ್ಲ, ಹತ್ತಾರು ಕೆಂಪು ಕಾಣುತ್ತವೆ: ಹೊಸ ಕಾಯಿಯ ಕುಂಕುಮ ಕೆಂಪು, ಒಣಗಿದ ಕಾಯಿಯ ರಕ್ತಗೆಂಪು, ಸುಕ್ಕಿನ ಒಳಗಡೆ ನೇರಳೆಗೆ ತಿರುಗಿದ ನೆರಳು, ತೊಟ್ಟಿನ ಹತ್ತಿರ ಹಳದಿ ಮಿಶ್ರಿತ ಕಂದು. ಚಿತ್ರಕಾರನಿಗೆ ಇದಕ್ಕಿಂತ ಕಠಿಣವಾದ, ಇದಕ್ಕಿಂತ ಉದಾರವಾದ ವಸ್ತು ಸಿಗುವುದು ಕಷ್ಟ. ಈ ಮೆಣಸಿನಕಾಯಿ ಕೂಡ ಮೂಲದಲ್ಲಿ ಈ ನೆಲದ್ದಲ್ಲ. ಅಮೆರಿಕ ಖಂಡದಿಂದ ಹೊರಟು, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೆ ಇಳಿದದ್ದು. ಕಾರ್ನೆಲಿಸ್ ಹೆಡಾ ವಿಜಯಪುರಕ್ಕೆ ಹೊರಟದ್ದೂ ಆ ಗೋವೆಯಿಂದಲೇ.

ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಕಡೆ ಹೋದರೆ ಬಣ್ಣದ ಇನ್ನೊಂದು ತುದಿ ಸಿಗುತ್ತದೆ. ತುಂಗಭದ್ರೆಯ ಬಯಲಿನ ಈ ಭಾಗ ಕುರಿಗಾಹಿಗಳ ನೆಲೆ. ಕುರಿಯ ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಾಕಿ, ಗುಂಡಿ ಮಗ್ಗದಲ್ಲಿ ನೇಯ್ದ ಕಂಬಳಿ ಇಲ್ಲಿನ ಹಳೆಯ ಕಸುಬು. ಕರಿ ಕಂಬಳಿಗೆ ಬಣ್ಣ ಅದ್ದುವುದಿಲ್ಲ; ಅದರ ಕಪ್ಪು ಕುರಿಯ ಮೈಯದು. ಹತ್ತಿರ ಹಿಡಿದು ನೋಡಿದರೆ ಅದರಲ್ಲಿ ಕಂದು, ಬೂದಿ, ಬಿಸಿಲಿಗೆ ಹೊರಳಿಸಿದಾಗ ಒಂದು ಸಣ್ಣ ನೀಲಿ ಛಾಯೆಯೂ ಸಿಗುತ್ತದೆ. ನೆರಳಿಗೆ ಕಪ್ಪು ಬಳಿಯಬೇಡ ಎಂದ ಮಾಸ್ತರರ ಮಾತು ಈ ಕಂಬಳಿಯ ಮುಂದೆ ಕೂತವನಿಗೆ ತಾನಾಗಿ ತಿಳಿಯುತ್ತದೆ. ಮಾತೀಸ್ ಹುಟ್ಟಿದ್ದು ನೇಕಾರರ ವಂಶದಲ್ಲಿ, ಬೆಳೆದದ್ದು ಉತ್ತರ ಫ್ರಾನ್ಸಿನ ಬೋಯಾಂ ಎಂಬ ನೇಕಾರರ ಊರಿನಲ್ಲಿ. ಜೀವನವಿಡೀ ಬಟ್ಟೆಯ ತುಣುಕುಗಳನ್ನು ಕೂಡಿಟ್ಟುಕೊಂಡು, ತನ್ನ ವಸ್ತುಚಿತ್ರಗಳಲ್ಲಿ ಹಣ್ಣಿಗಿಂತ ಹೆಚ್ಚಿನ ಜಾಗವನ್ನು ಬಟ್ಟೆಗೇ ಕೊಟ್ಟ. ಊರಿನ ಮಗ್ಗ ಅವನ ಕಣ್ಣನ್ನು ತಿದ್ದಿತ್ತು. ಮೇಡ್ಲೇರಿಯ ಮಗುವಿಗೂ ಆ ಬಂಡವಾಳ ಮನೆಯಲ್ಲೇ ಇದೆ.

ಊರಿನ ಸಾಮಾನುಗಳಿಗೆ ಕಲೆಯ ಜಾಗ ಕೊಟ್ಟ ದೊಡ್ಡ ಪ್ರಯತ್ನ ಇದೇ ಜಿಲ್ಲೆಯಲ್ಲಿ ನಡೆದಿದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಹೆದ್ದಾರಿ ಬದಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಉತ್ತರ ಕರ್ನಾಟಕದ ಹಳ್ಳಿಯ ಮನೆ, ಕಸುಬು, ಎತ್ತು, ಗಾಡಿ, ಪಾತ್ರೆ–ಪಡಗಗಳು ಸಿಮೆಂಟಿನಲ್ಲಿ ಆಳೆತ್ತರಕ್ಕೆ, ತುಂಬುಬಣ್ಣದಲ್ಲಿ ನಿಂತಿವೆ. ಸೊಲಬಕ್ಕನವರ 2020ರಲ್ಲಿ ತೀರಿಕೊಂಡರು. ನಗರದ ವಿಮರ್ಶಕರಿಗೆ ಆ ಬಣ್ಣ ಜೋರಾಯಿತು ಅನ್ನಿಸಬಹುದು. ನೋಡಲು ಬಂದ ಹಳ್ಳಿಯ ಅಜ್ಜಿಗೆ ತನ್ನ ಮನೆಯ ಬೀಸುವ ಕಲ್ಲು ಅಲ್ಲಿ ಗುರುತು ಸಿಗುತ್ತದೆ. ಅದರ ಬೆಲೆ ದೊಡ್ಡದು.

ಹಾವೇರಿ ಜಿಲ್ಲೆಯ ಚಿತ್ರಕಲಾ ಶಿಕ್ಷಕರು ಮುಂದಿನ ಸುಗ್ಗಿಯಲ್ಲಿ ಒಂದು ದಿನ ಪರೀಕ್ಷೆಯ ತಂಬಿಗೆಯನ್ನು ಬದಿಗಿಡಲಿ. ಮೇಡ್ಲೇರಿಯ ಕರಿ ಕಂಬಳಿ ಹಾಸಿ, ಅದರ ಮೇಲೆ ಒಂದು ಬೊಗಸೆ ಬ್ಯಾಡಗಿ ಮೆಣಸಿನಕಾಯಿ ಸುರುವಿ ಮಕ್ಕಳನ್ನು ಸುತ್ತ ಕೂರಿಸಲಿ. ತಡ ಮಾಡುವುದು ಬೇಡ: ಬೆಳಕಿಗೆ ಬಿಟ್ಟ ಮೆಣಸಿನಕಾಯಿಯ ಕೆಂಪು ದಿನದಿನಕ್ಕೆ ಮಾಸುತ್ತದೆ, ಬ್ಯಾಡಗಿಯ ವ್ಯಾಪಾರಿಗಳು ಅದನ್ನು ಶೀತಲಗೃಹದ ಕತ್ತಲೆಯಲ್ಲಿ ಇಡುವುದು ಈ ಕಾರಣಕ್ಕೇ.